ಲಂಗಕ್ಕೆ ಮಡಿಕೆ ಹಿಡಿದವರು

ನಮ್ಮ ಹೊಲಿಗೆ ಮಿಸ್ಸು ಹೋಗಿಬಿಟ್ಟರಂತೆ. ತುಮಕೂರಿನಿಂದ ಬಂದಿದ್ದ ನನ್ನ ಸ್ಕೂಲಿನ ಗೆಳತಿ ಕಾಫಿ ಕುಡಿದು, ಲೋಕದ ಮಾತೆಲ್ಲ ಆಡಿ ಮುಗಿಸಿ, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಇದನ್ನು ಹೇಳಿದಳು. ಕೆಲವರಿಗೆ ಮುಖ್ಯವಾದ ಸುದ್ದಿ ಹೊಸಲು ದಾಟುವಾಗಲೇ ನೆನಪಾಗುವುದು. ಅವಳು ಹೋದ ಮೇಲೆ ಅಲ್ಲೇ ಕೂತೆ. ಎಷ್ಟು ಪ್ರಯತ್ನಪಟ್ಟರೂ ಮಿಸ್ಸಿನ ಮುಖ ಸರಿಯಾಗಿ ನೆನಪಿಗೆ ಬರಲಿಲ್ಲ. ಬಂದದ್ದು ಅವರ ಆಕಾರ. ಮಧುಗಿರಿಯ ಹುಡುಗಿಯರ ಸ್ಕೂಲಿನ ಜಗುಲಿ ಕಂಬಕ್ಕೆ ಒರಗಿ, ಹುಬ್ಬಿಗೆ ಕೈ ಅಡ್ಡ ಹಿಡಿದು, ಬಸ್ ಸ್ಟ್ಯಾಂಡಿನ ಕಡೆಯ ರಸ್ತೆಯನ್ನೇ ನೋಡುತ್ತಾ ನಿಂತ ಒಂದು ತೆಳ್ಳನೆಯ ಆಕಾರ.

ಇದನ್ನು ಕೇಳಿದ್ದರೆ ಅವರಿಗೆ ಬೇಜಾರಾಗುತ್ತಿರಲಿಲ್ಲ. ಬಣ್ಣ ಮೋಸ ಮಾಡುತ್ತೆ, ಆಕಾರ ಮಾಡಲ್ಲ ಅನ್ನುವುದು ಅವರ ಮಾತು.

ಅವರು ನಮ್ಮ ಸ್ಕೂಲಿಗೆ ಬಂದಾಗ ನಾನು ಏಳನೇ ಕ್ಲಾಸು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ನಮ್ಮೂರಲ್ಲಿ ಯಾವ ಹೆಂಗಸನ್ನೇ ಆಗಲಿ, ದೂರದಿಂದ ಒಂದು ಸಲ ನೋಡಿದರೆ ಸಾಕು, ಯಾವ ಪೈಕಿ, ಯಾವ ಕಡೆಯವಳು, ಗಂಡ ಇದ್ದಾನೋ ಇಲ್ಲವೋ ಎಲ್ಲ ಗೊತ್ತಾಗಿಬಿಡುತ್ತಿತ್ತು. ಕಚ್ಚೆ ಹಾಕಿ ಉಡುವವರು ಒಂದು ಬೀದಿಯವರು. ಸೆರಗನ್ನು ಎಡಕ್ಕೆ ಹಾಕುವವರು ಕೆಲವರು, ಬಲಕ್ಕೆ ಹಾಕುವವರು ಕೆಲವರು. ತಲೆ ತುಂಬ ಸೆರಗು ಹೊದ್ದು ಗೋಡೆ ಪಕ್ಕದಲ್ಲೇ ನಡೆದುಹೋಗುವ ಅಜ್ಜಿಯರ ಕಥೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಹುಡುಗಿಯರೂ ಅಷ್ಟೆ. ಫ್ರಾಕು ಹಾಕಿದವಳು ಮಗು. ಉದ್ದ ಲಂಗದವಳು ಹುಡುಗಿ. ಲಂಗದ ಮೇಲೆ ದಾವಣಿ ಬಂದರೆ ಕಣ್ಣಿಡಬೇಕಾದ ಹುಡುಗಿ. ಸೀರೆ ಬಂತೋ, ಮುಗಿಯಿತು, ಜಾತಕ ಈಚೆಗೆ ಬಂತು ಅಂತಲೇ ಅರ್ಥ.

ಇಂಥ ಊರಿಗೆ ಈ ಮಿಸ್ಸು ಬಂದರು ನೋಡಿ, ಯಾರಿಗೂ ಇವರನ್ನು ಓದಲಿಕ್ಕೆ ಆಗಲಿಲ್ಲ. ಮೊದಲ ತಿಂಗಳು ಎಲ್ಲ ಟೀಚರುಗಳ ಹಾಗೆ ನೆರಿಗೆ ಹಿಡಿದು ಎಡಸೆರಗು. ಹೋಗಲಿ, ಬೆಂಗಳೂರಿನ ಕಡೆಯವರು ಅಂದುಕೊಂಡೆವು. ದಸರಾ ರಜ ಮುಗಿಸಿಕೊಂಡು ಬಂದಾಗ ಬಲಸೆರಗು. ಸಂಕ್ರಾಂತಿ ಹೊತ್ತಿಗೆ ಒಂದು ದಿನ ಕಚ್ಚೆಯಲ್ಲೇ ಬಂದುಬಿಟ್ಟರು. ಹಣೆಯಲ್ಲಿ ಕುಂಕುಮ ಇತ್ತು, ಕತ್ತಿನಲ್ಲಿ ಕರಿಮಣಿ ಇರಲಿಲ್ಲ, ವಯಸ್ಸು ಮೂವತ್ತರ ಮೇಲೆ. ಬೀದಿ ನಲ್ಲಿಯ ಹತ್ತಿರ ಕೊಡ ತುಂಬಿ ಹರಿದರೂ ಹೆಂಗಸರ ಮಾತು ಮುಗಿಯುತ್ತಿರಲಿಲ್ಲ. ಊರಿನವರು ಅವರಿಗೆ ಹೊಲಿಗೆ ಮೇಷ್ಟ್ರಮ್ಮ ಅಂತ ಹೆಸರಿಟ್ಟು ಸುಮ್ಮನಾದರು. ಬೇರೆ ಯಾವ ಹೆಸರು ಇಡಲಿಕ್ಕೂ ಅವರ ಉಡುಪು ಅವಕಾಶ ಕೊಟ್ಟಿರಲಿಲ್ಲ.

ಕಚ್ಚೆ ಉಟ್ಟ ದಿನ ಹೆಡ್‌ಮಿಸ್ಟ್ರೆಸ್ಸು ಕರೆಸಿ ಕೇಳಿದರು. ಬೇರೆಯವರ ವಿಷಯ ಅಂದರೆ ನನ್ನ ಕಿವಿ ಹುಟ್ಟಿನಿಂದಲೇ ಚುರುಕು, ಹಾಗಾಗಿ ಕಿಟಕಿಯ ಕೆಳಗೆ ಹೂವಿನ ಗಿಡಕ್ಕೆ ನೀರು ಹಾಕುತ್ತಾ ನಿಂತಿದ್ದೆ. ಇದೇನು ನಾಟಕದ ಕಂಪನಿಯೇ ಅಂತ ಹೆಡ್‌ಮಿಸ್ಟ್ರೆಸ್ಸು ಗದರಿದರು. ಮಿಸ್ಸು ಮೆಲ್ಲಗೆ, ಕಲಿಯುವ ಹುಡುಗಿಯ ಧಾಟಿಯಲ್ಲೇ ಹೇಳಿದರು, "ಉಟ್ಟು ನೋಡದೆ ಯಾಕೆ ಹಾಗೆ ಉಡ್ತಾರೆ ಅಂತ ಹೇಗೆ ಗೊತ್ತಾಗುತ್ತೆ ಮೇಡಂ? ಕಚ್ಚೆಯಲ್ಲಿ ಮೆಟ್ಟಿಲು ಹತ್ತೋದು ಎಷ್ಟು ಸಲೀಸು ಗೊತ್ತಾ? ನೀವೂ ಒಂದು ದಿನ ನೋಡಿ." ಹೆಡ್‌ಮಿಸ್ಟ್ರೆಸ್ಸು ನೋಡಲಿಲ್ಲ. ಆದರೆ ಮತ್ತೆ ಕರೆಸಲೂ ಇಲ್ಲ.

ಭಾನುವಾರ ಬಂದರೆ ಅವರು ಬಸ್ಸು ಹತ್ತುತ್ತಿದ್ದರು. ದೇವಸ್ಥಾನಕ್ಕಲ್ಲ, ನೆಂಟರ ಮನೆಗಲ್ಲ. ಬಟ್ಟೆ ನೋಡಲಿಕ್ಕೆ. ಸೋಮವಾರ ಕ್ಲಾಸಿನಲ್ಲಿ ಸೂಜಿಗೆ ದಾರ ಪೋಣಿಸಿಕೊಂಡು ಅದರ ವರದಿ ಒಪ್ಪಿಸುತ್ತಿದ್ದರು. ಒಂದು ಸಲ ಪಾವಗಡದ ಕಡೆ ಕಡಲೆಕಾಯಿ ಕೀಳುವ ಹೆಂಗಸರನ್ನು ನೋಡಿ ಬಂದರು. ಸೆರಗು ಬಲಕ್ಕೆ ಯಾಕೆ ಬಂತು ಅನ್ನುವುದಕ್ಕೆ ದಾರಿಯುದ್ದಕ್ಕೂ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿಕೊಂಡು ಹೋಗಿದ್ದರಂತೆ. ಎಡಗಡೆ ಸೊಂಟದ ಮೇಲೆ ಮಗು ಕೂರಬೇಕು, ಬಲಗೈ ಕೆಲಸ ಮಾಡಬೇಕು, ಅದಕ್ಕೇ ಇರಬೇಕು ಅಂತ. ಹೊಲದಲ್ಲಿದ್ದ ಒಬ್ಬ ಮುದುಕಿಯನ್ನು ಕೇಳಿದರೆ ಆಕೆ ತಲೆ ಎತ್ತದೆ, "ಮಾ ಅತ್ತ ಇಟ್ಲೇ ಕಟ್ಟೇದಿ, ನೇನೂ ಇಟ್ಲೇ" ಅಂದಳಂತೆ. ನಮ್ಮತ್ತೆ ಹೀಗೇ ಉಡುತ್ತಿದ್ದಳು, ನಾನೂ ಹೀಗೇ, ಅಷ್ಟೆ. ಇದನ್ನು ಹೇಳುವಾಗ ಮಿಸ್ಸು ನಕ್ಕು ನಕ್ಕು ಸೂಜಿ ಕೆಳಗೆ ಬೀಳಿಸಿದರು, ನಾವೆಲ್ಲ ಮಂಡಿಯೂರಿ ಹುಡುಕಿದೆವು.

ಶಿರಾದಲ್ಲಿ ಒಬ್ಬ ಸಾಬರ ಮನೆಯ ಚಾಚಿ ಅವರಿಗೆ ಗುರುತಾಗಿದ್ದರು. ಮನೆಯೊಳಗೇ ಕೂತು ಬೀದಿಯ ಹೆಂಗಸರಿಗೆಲ್ಲ ಕುರ್ತಾ ಕತ್ತರಿಸಿಕೊಡುತ್ತಿದ್ದ ಹೆಂಗಸು. ಬಟ್ಟೆಯ ಎರಡೂ ಪಕ್ಕಕ್ಕೆ ಮೇಲೆ ಚೂಪಾಗಿ ಕೆಳಗೆ ಅಗಲವಾಗಿ ಒಂದೊಂದು ಪಟ್ಟಿ ಸೇರಿಸುತ್ತಾರಲ್ಲ, ಅದಕ್ಕೆ ಕಲಿ ಅನ್ನುತ್ತಾರೆ ಅಂತ ಮಿಸ್ಸು ತಿಳಿದುಕೊಂಡು ಬಂದದ್ದು ಅವರಿಂದಲೇ. ಇದನ್ನು ಯಾಕೆ ಇಡುತ್ತೀರಿ ಅಂತ ಕೇಳಿದ್ದಕ್ಕೆ ಚಾಚಿ, "ನಡೆಯೋಕೆ ಜಗಾ ಬೇಕಲ್ಲ ಬೇಟಿ" ಅಂದರಂತೆ. ಈ ಮಾತು ಮಿಸ್ಸಿಗೆ ಎಷ್ಟು ಹಿಡಿಸಿತೆಂದರೆ ಆ ವರ್ಷ ನಾವು ಏನು ಹೊಲಿದರೂ, ದಿಂಬಿನ ಚೀಲ ಒಂದು ಬಿಟ್ಟು, ನಡೆಯೋಕೆ ಜಾಗ ಇದೆಯಾ ಅಂತ ಕೇಳುತ್ತಿದ್ದರು.

ಅವರ ಓದು ತಪ್ಪುತ್ತಿರಲಿಲ್ಲ ಅಂತೇನೂ ಅಲ್ಲ. ಜಡಿಮಳೆಯ ಒಂದು ಬೆಳಿಗ್ಗೆ ರಸ್ತೆಯ ಕೊನೆಯಲ್ಲಿ ಒಂದು ಆಕಾರ ಕಂಡಿತು. ತಲೆಯಿಂದ ಇಳಿಬಿದ್ದು ಕೆಳಗೆ ಅಗಲವಾಗುತ್ತಾ ಬರುತ್ತಿತ್ತು. ಲಂಬಾಣಿ ಹೆಂಗಸು, ಲಂಗದ ಘೇರು ಕೆಳಗೆ ಎಷ್ಟು ಅಗಲ ನೋಡಿ, ಓಢಣಿ ಬೀಳೋ ರೀತಿ ನೋಡಿ ಅಂತ ಮಿಸ್ಸು ಪಾಠವನ್ನೇ ಶುರುಮಾಡಿದರು. ಹತ್ತಿರ ಬಂದಾಗ ನೋಡಿದರೆ ಕಂಬಳಿ ಕೊಪ್ಪೆ ಹಾಕಿಕೊಂಡ ನಮ್ಮ ಸ್ಕೂಲಿನ ಜವಾನ, ಗಂಟೆ ಹೊಡೆಯಲಿಕ್ಕೆ ತಡವಾಯಿತು ಅಂತ ಓಡಿಬರುತ್ತಿದ್ದ. ಅವನಿಗೆ ವಿಷಯ ಗೊತ್ತಾಗಿ, ಆಮೇಲೆ ಮಳೆ ಬಂದಾಗಲೆಲ್ಲ ದೂರದಿಂದಲೇ ನಾನು ಕಣಮ್ಮೋ ಅಂತ ಕೂಗಿಕೊಂಡೇ ಬರುತ್ತಿದ್ದ.

ಊರಿಗೆ ಟೆಂಟಿನ ಸಿನಿಮಾ ಬಂದ ವರ್ಷ ಹುಡುಗಿಯರಿಗೆಲ್ಲ ಬುಗ್ಗೆ ತೋಳಿನ ಹುಚ್ಚು ಹಿಡಿಯಿತು. ಒಬ್ಬಳ ರವಿಕೆ ತೋಳು ಉಬ್ಬಿದರೆ ಮಾರನೆಯ ವಾರ ಇನ್ನೊಬ್ಬಳದು ಅದಕ್ಕಿಂತ ದಪ್ಪ. ಕೊನೆಗೆ ಒಬ್ಬಳು ಒಳಗೆ ಹತ್ತಿ ತುಂಬಿಕೊಂಡು ಬಂದಳು, ಪ್ರಾರ್ಥನೆಯಲ್ಲಿ ಕೈ ಎತ್ತಿದಾಗ ಹತ್ತಿ ಜಾರಿ ಮೊಣಕೈಗೆ ಬಂತು. ಹೆಡ್‌ಮಿಸ್ಟ್ರೆಸ್ಸು ಬುಗ್ಗೆ ತೋಳನ್ನೇ ನಿಷೇಧ ಮಾಡಿದರು. ಹೊಲಿಗೆ ಮಿಸ್ಸು ಮಾತ್ರ ಅವಳನ್ನು ಪಕ್ಕಕ್ಕೆ ಕರೆದು, ಹೆಗಲು ಅಗಲವಾಗಿ ಕಂಡರೆ ನಿನಗೆ ಏನನ್ನಿಸುತ್ತೆ ಅಂತ ಕೇಳಿದರು. ಬೈಯಲಿಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ. ಆ ಹುಡುಗಿ ಬಹಳ ಹೊತ್ತು ಯೋಚನೆ ಮಾಡಿ, ಬಸ್ಸಿನಲ್ಲಿ ಯಾರೂ ತಳ್ಳಲ್ಲ ಅನ್ನಿಸುತ್ತೆ ಮಿಸ್ ಅಂದಳು. ಮಿಸ್ಸು ತಲೆದೂಗಿ, ಹತ್ತಿಯ ಬದಲು ತೋಳಿನ ಮೇಲ್ಗಡೆ ನೆರಿಗೆ ಹಿಡಿಯುವುದನ್ನು ಅವಳಿಗೆ ಹೇಳಿಕೊಟ್ಟರು.

ನನ್ನ ಕಥೆಗೂ ಅವರಿಗೂ ಗಂಟು ಬಿದ್ದದ್ದು ಬೆಡ್‌ಷೀಟಿನ ಆಟದಿಂದ. ಪೂರ್ವದ ಜಗುಲಿಯಲ್ಲಿ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಲ್ಲೊಂದು ಬಿಳೀ ಬೆಡ್‌ಷೀಟು ಇಳಿಬಿಟ್ಟು, ಹುಡುಗಿಯರನ್ನು ಈಚೆ ಕೂರಿಸಿ, ಆಚೆ ಯಾರನ್ನಾದರೂ ನಡೆಸುತ್ತಿದ್ದರು. ನೆರಳು ನೋಡಿ ವಯಸ್ಸು ಹೇಳಬೇಕು. ಎಂಟನೇ ಕ್ಲಾಸಿನ ಒಂದು ದಿನ ನನ್ನನ್ನು ನಡೆಸಿದರು. ಮೊದಲು ತಂಗಿಯರ ಫ್ರಾಕಿನ ಹಾಗೆ ಗಿಡ್ಡನೆಯದೊಂದನ್ನು ತೊಡಿಸಿ. ಹತ್ತು ವರ್ಷ ಅಂತ ಕೂಗಿದರು. ಆಮೇಲೆ ನನ್ನದೇ ಲಂಗ. ಹದಿಮೂರು ಅಂದರು. ಆಮೇಲೆ ಮಿಸ್ಸು ತಮ್ಮ ಚೀಲದಿಂದ ಸೀರೆ ತೆಗೆದು ಉಡಿಸಿ, ತಲೆಗೂದಲು ಎತ್ತಿ ಗಂಟು ಕಟ್ಟಿದರು. ಇಪ್ಪತ್ತು, ಮದುವೆಯಾಗಿದೆ, ಒಂದು ಮಗೂನೂ ಇರಬಹುದು ಅಂತ ಯಾರೋ ಅಂದರು. ಮಿಸ್ಸು ಬೆಡ್‌ಷೀಟು ಸರಿಸಿ ನನ್ನನ್ನು ತೋರಿಸಿದರು.

"ಹುಡುಗಿ ಅವಳೇ. ನೀವು ಮಾತ್ರ ಮದುವೆ ಮಾಡಿ, ಬಾಣಂತನಾನೂ ಮುಗಿಸಿಬಿಟ್ಟಿರಿ."

ಎಲ್ಲರೂ ನಕ್ಕರು. ನಾನು ಅತ್ತುಬಿಟ್ಟೆ. ಯಾಕೆ ಅಳುತ್ತೀಯ ಅಂತ ಮಿಸ್ಸು ಕೇಳಿದಾಗ ನಮ್ಮ ಮನೆಯ ಲಂಗದ ಕಾನೂನು ಹೇಳಲೇಬೇಕಾಯಿತು.

ನಮ್ಮದು ಹುಣಸೆಹಣ್ಣಿನ ಮಂಡಿಯ ಮನೆ. ಮಂಡಿಯಲ್ಲಿ ಅಪ್ಪನ ಮಾತು, ಮನೆಯಲ್ಲಿ ಅಪ್ಪನ ಅಮ್ಮನ ಮಾತು. ಕೊರಟಗೆರೆ ಕಡೆಯ ಹಳ್ಳಿಯಿಂದ ಬಂದ ನಮ್ಮಜ್ಜಿ ಒಂದು ಸಲ ನುಡಿದದ್ದನ್ನು ತಿರುಗಿಸಿದ್ದನ್ನು ನಾನು ಕಂಡಿಲ್ಲ. ಆ ಕಾಲದಲ್ಲಿ ಬೆಳೆಯುವ ಹುಡುಗಿಗೆ ಲಂಗವನ್ನು ಉದ್ದವಾಗಿಯೇ ಹೊಲಿಸಿ, ಕೆಳಗಡೆ ಅಡ್ಡಕ್ಕೆ ಮಡಿಕೆ ಹಿಡಿದು ಗಿಡ್ಡ ಮಾಡುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಹುಡುಗಿಯ ಜೊತೆ ಲಂಗವೂ ಬೆಳೆಯುತ್ತಿತ್ತು. ಬಿಚ್ಚಿದ ಜಾಗದಲ್ಲಿ ಬಟ್ಟೆಯ ಹಳೆಯ ಬಣ್ಣ ಪಟ್ಟಿಯ ಹಾಗೆ ಕಾಣುತ್ತಿತ್ತು. ನನ್ನನ್ನು ಮಿಡ್ಲ್ ಸ್ಕೂಲಿಗೆ ಕಳಿಸುವಾಗ ಅಜ್ಜಿ, "ಲಂಗದ ಮಡಿಕೆ ಮುಗಿಯಾಗಂಟ ಓದ್ಲಿ. ಆಮ್ಯಾಲೆ ಸೀರೆ. ಸೀರೆ ಉಟ್ಟೋಳ್ಗೆ ಸ್ಕೂಲ್ಯಾಕೆ?" ಅಂದಿದ್ದಳು. ಹೊಸ ಲಂಗ ಹೊಲಿಸುವ ಮಾತೇ ಇಲ್ಲ. ಆ ಯುಗಾದಿಗೆ ಅಮ್ಮ ಕೊನೆಯ ಮಡಿಕೆ ಬಿಚ್ಚಿದ್ದಳು. ನಾನೋ ಬೇಲಿ ಪಕ್ಕದ ಔಡಲ ಗಿಡದ ಹಾಗೆ ಬೆಳೆಯುತ್ತಿದ್ದೆ. ಎಂಟನೆಯದು ಮುಗಿದರೆ ಹೈಸ್ಕೂಲು ಅಂತ ಗೆಳತಿಯರೆಲ್ಲ ಕುಣಿಯುತ್ತಿದ್ದರೆ, ನನಗೆ ಮಾತ್ರ ಕಾಲಿನ ಹತ್ತಿರ ಲಂಗದ ಅಂಚು ನೋಡಿಕೊಳ್ಳುವುದೇ ಕೆಲಸವಾಗಿತ್ತು.

ಮಿಸ್ಸು ಕನಿಕರ ತೋರಿಸಲಿಲ್ಲ. ಅಜ್ಜಿ ಹೇಳಿದ್ದು ಇದೇ ಮಾತಾ, ಸರಿಯಾಗಿ ಇದೇನಾ ಅಂತ ಮತ್ತೆ ಮತ್ತೆ ಕೇಳಿದರು. ಮಡಿಕೆ ಮುಗಿಯೋವರೆಗೂ ಅಂದರಾ, ಈ ಲಂಗದ ಮಡಿಕೆ ಅಂದರಾ? ಬರೀ ಲಂಗದ ಮಡಿಕೆ ಅಂದಳು ಮಿಸ್ ಅಂದೆ. ಅವರು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಆ ವರ್ಷ ಹೊಲಿಗೆಯ ಪರೀಕ್ಷೆಗೆ ಎಲ್ಲರಿಗೂ ದಿಂಬಿನ ಚೀಲ, ಮಗುವಿನ ಅಂಗಿ. ನನ್ನೊಬ್ಬಳಿಗೆ ಲಂಗ. ಬದನೆಕಾಯಿ ಬಣ್ಣದ ದಪ್ಪ ಕೈಮಗ್ಗದ ಬಟ್ಟೆ. ಪಕ್ಕಕ್ಕೆ ಕಲಿ ಇಡಿಸಿ ಘೇರು ಹೆಚ್ಚಿಸಿದರು. ಅಂಚು, ಸೊಂಟಪಟ್ಟಿ ಎಲ್ಲ ನಾನೇ ಹೊಲಿದೆ. ಮಡಿಕೆ ಮಾತ್ರ ನಾನು ಹಿಡಿಯುತ್ತೇನೆ ಅಂತ ಅವರು ತಾವೇ ಕೂತು ಹಿಡಿದರು. ಪರೀಕ್ಷೆ ಮುಗಿದ ದಿನ, ಹಾಕಿಕೊಂಡೇ ಮನೆಗೆ ಹೋಗು ಅಂದರು.

ಅಜ್ಜಿ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ನಾನು ಹೊಸಲು ದಾಟುವುದಕ್ಕೂ ಅವಳ ಕಣ್ಣು ಲಂಗದ ಅಂಚಿಗೆ ಹೋಗುವುದಕ್ಕೂ ಸರಿಹೋಯಿತು. ಹತ್ತಿರ ಕರೆದಳು. ಮಡಿಕೆಯನ್ನು ಬೆರಳಲ್ಲಿ ಸವರಿದಳು. ಒಂದು ಮಾತೂ ಆಡಲಿಲ್ಲ. ಅಜ್ಜಿ ಬೈದರೆ ನಮಗೆ ಭಯವಿರಲಿಲ್ಲ, ಸುಮ್ಮನಿದ್ದರೇ ಭಯ. ಲಂಗ ಬಿಚ್ಚಿಕೊಡು ಅಂತ ಈಸಿಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು. ಮಾರನೆಯ ಬೆಳಿಗ್ಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಸ್ಕೂಲಿಗೇ ಹೊರಟಳು. ಹೈಸ್ಕೂಲು ಇಲ್ಲಿಗೆ ಮುಗಿಯಿತು ಅಂತ ನಾನು ಹಿಂದಿನಿಂದ ಓಡಿದೆ.

ಮಿಸ್ಸು ಎಂದಿನ ಹಾಗೆ ಜಗುಲಿಯ ಕಂಬದ ಹತ್ತಿರ ಇದ್ದರು. ಅಜ್ಜಿಯನ್ನು ಅವರು ಅದುವರೆಗೂ ಕಂಡಿರಲಿಲ್ಲ. ಬಲಸೆರಗು, ಕೊರಟಗೆರೆ ಕಡೆಯವರು, ಸೀರೆ ಮೇಲಕ್ಕೆ ಸಿಕ್ಕಿಸಿದ್ದಾರೆ ಅಂದರೆ ಜಗಳಕ್ಕೇ ಬರ್ತಿರೋದು ಅಂತ ಪಕ್ಕದ ಟೀಚರಿಗೆ ಹೇಳಿದರಂತೆ. ಹೇಳಿ ಒಳಗೆ ಹೋಗಲಿಲ್ಲ, ಮೆಟ್ಟಿಲಿಳಿದು ಎದುರಿಗೆ ಬಂದರು.

"ನಮ್ಮನೆ ಹೆಣ್ಣಿಗೆ ಲಂಗ ಹೊಲಿಯಾಕೆ ನಿಂಗ್ಯಾರು ಹೇಳಿದ್ದಮ್ಮ?" ಅಂದಳು ಅಜ್ಜಿ.

"ನೀವೇ ಅಲ್ಲವಾ ಹೇಳಿದ್ದು, ಮಡಿಕೆ ಮುಗಿಯೋವರೆಗೂ ಓದಲಿ ಅಂತ?"

ಅಜ್ಜಿ ಲಂಗ ಬಿಡಿಸಿ ಅವರ ಮುಖಕ್ಕೆ ಹಿಡಿದಳು. "ಇದು ಮಡಿಕೆನಾ? ಸಾಸಿವೆ ಕಾಳಂಗೆ ಹೊಲ್ದಿದ್ದೀಯ. ನಾಳೆ ಬಿಚ್ಚಾಕೋದ್ರೆ ಬಟ್ಟೆನೇ ಹರ್ದೋಯ್ತದೆ. ಮಡಿಕೆ ಅಂದ್ರೆ ಒಂದೆಳೆ ಎಳುದ್ರೆ ಪೂರಾ ಬರ್ಬೇಕು ಕಣಮ್ಮ. ಬಟ್ಟೆಗೆ ಗೊತ್ತೇ ಆಗ್ಬಾರ್ದು."

ಮಿಸ್ಸು ತಲೆ ತಗ್ಗಿಸಿದರು. "ನನಗೆ ಯಾರೂ ಹೇಳಿಕೊಡಲಿಲ್ಲ ಅಮ್ಮ. ಹನ್ನೊಂದು ವರ್ಷಕ್ಕೇ ಸೀರೆ ಉಡಿಸಿ ಸ್ಕೂಲು ಬಿಡಿಸಿದರು. ನನ್ನ ಲಂಗಕ್ಕೆ ಮಡಿಕೆ ಹಿಡಿಯೋರು ಇರಲಿಲ್ಲ. ನೀವೇ ಹಿಡಿದು ತೋರಿಸಿ."

ಊರೆಲ್ಲ ತಿಂಗಳುಗಟ್ಟಲೆ ಕೆದಕಿದರೂ ಸಿಗದ ಅವರ ಕಥೆ ಇಷ್ಟೇ ಇಷ್ಟು ಹೊರಗೆ ಬಂದದ್ದು ಆಗ. ಆಮೇಲೆ ಹೇಗೆ ಓದಿದರು, ಯಾರು ಓದಿಸಿದರು, ಮದುವೆ ಏನಾಯಿತು, ನನಗೆ ಇವತ್ತಿಗೂ ತಿಳಿಯದು. ಕೇಳಬೇಕು ಅಂತ ನಾಲಿಗೆ ತುರಿಸುತ್ತಿತ್ತು, ಕೇಳಲಿಲ್ಲ. ಅಜ್ಜಿಯೂ ಕೇಳಲಿಲ್ಲ. ಜಗುಲಿಯ ಮೇಲೆ ಕಾಲು ಚಾಚಿ ಕೂತು, "ಸೂಜಿ ತತ್ತಾ" ಅಂದಳು. ನನ್ನನ್ನು ಕ್ಲಾಸಿಗೆ ಅಟ್ಟಿದರು. ಮಧ್ಯಾಹ್ನದ ಗಂಟೆ ಹೊಡೆದಾಗ ಓಡಿಬಂದು ನೋಡಿದರೆ ಲಂಗ ಮಡಚಿ ಪಕ್ಕಕ್ಕಿಟ್ಟಿದೆ, ನಮ್ಮಜ್ಜಿ ಎದ್ದು ನಿಂತು ಮಿಸ್ಸಿಗೆ ಬಲಸೆರಗು ಹೊದಿಸುತ್ತಿದ್ದಾಳೆ, ಇಷ್ಟು ದಿನ ನೀನು ಉಟ್ಟಿದ್ದೆಲ್ಲ ತಪ್ಪು ಅಂತ ಗದರುತ್ತಿದ್ದಾಳೆ.

ಮನೆಗೆ ಬಂದು ಹಾಕಿಕೊಂಡಾಗ ಲಂಗ ಹಿಮ್ಮಡಿಗಿಂತ ಸ್ವಲ್ಪ ಮೇಲೆಯೇ ನಿಂತಿತು. ಟೀಚರಾಗಿ ಅಳತೆ ಬರಲ್ಲವಲ್ಲ ಅಂತ ಅಮ್ಮ ಗೊಣಗಿದಳು. ಅಜ್ಜಿ, ಬೆಳೆಯೋ ಹುಡ್ಗಿ ಬುಡು ಅಂದಳು.

ಹೈಸ್ಕೂಲಿಗೆ ಹೋದೆ. ಆ ಲಂಗದ ನೆಪದಲ್ಲಿ ಇನ್ನೆರಡು ಹೂವಿನ ಚೀಟಿ ಬಟ್ಟೆಯ ಲಂಗಗಳೂ ಮನೆಗೆ ಬಂದವು, ಮೇಲೆ ದಾವಣಿಯೂ ಬಂತು. ಆದರೆ ಲೆಕ್ಕಕ್ಕೆ ಬದನೆಕಾಯಿ ಲಂಗವೇ. ಯುಗಾದಿಗೊಂದು ಮಡಿಕೆ ಬಿಚ್ಚುವುದು, ಒಂದು ವರ್ಷ ಓದುವುದು. ಹತ್ತನೆಯದರಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಆಗ ಹನ್ನೊಂದನೇ ಕ್ಲಾಸಿಗಿದ್ದ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಅಪ್ಪ ಒಂದು ಗಂಡಿನ ಮಾತೆತ್ತಿದರು. ಎಂದೂ ಎದುರು ಮಾತಾಡದ ನನ್ನಮ್ಮ ಟ್ರಂಕಿನಿಂದ ಲಂಗ ತಂದು ಅವರ ಮುಂದೆ ಹಾಸಿ, "ಇನ್ನೂ ಒಂದು ಮಡಿಕೆ ಐತೆ ಕಣ್ರೀ. ಅತ್ತೆ ಮಾತು" ಅಂದಳು. ತಾಯಿಯ ಮಾತು ಮೀರಲಾರದೆ ಅಪ್ಪ ಟವಲು ಕೊಡವಿಕೊಂಡು ಮಂಡಿಗೆ ಹೋದರು. ನಾನು ತುಮಕೂರಿಗೆ ಟೀಚರ್ ಟ್ರೈನಿಂಗಿಗೆ ಹೋದೆ. ಅಜ್ಜಿ ಎಷ್ಟು ಮಡಿಕೆ ಹಿಡಿದಿದ್ದಳು ಅಂತ ನಾನು ಎಣಿಸಿರಲಿಲ್ಲ. ಅಷ್ಟರಲ್ಲಿ ನಾನು ಬೆಳೆಯುವುದು ನಿಂತಿತ್ತು, ಅದಕ್ಕೇ ಒಂದು ಮಡಿಕೆ ಉಳಿದುಕೊಂಡಿತು ಅಂತಲೇ ನನ್ನ ನಂಬಿಕೆ. ಇನ್ನೆರಡು ಬೆರಳು ಬೆಳೆದಿದ್ದರೆ ಕೆಟ್ಟಿದ್ದೆ, ಕುಳ್ಳಿಯಾಗಿದ್ದಕ್ಕೆ ಟೀಚರಾದೆ ಅಂತ ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ನಗಿಸಿದ್ದೇನೆ.

ಮಿಸ್ಸನ್ನು ಕೊನೆಯ ಸಲ ನೋಡಿದ್ದು ತುಮಕೂರಿನ ಅವರ ಸಣ್ಣ ಮನೆಯಲ್ಲಿ. ರಿಟೈರಾಗಿ ಬಹಳ ವರ್ಷವಾಗಿತ್ತು. ಕಣ್ಣಿಗೆ ಪೊರೆ ಬಂದು, ಮುಖ ಬಣ್ಣ ಯಾವುದೂ ತಿಳಿಯದೆ ಬರೀ ಆಕಾರ ಕಾಣುತ್ತಿತ್ತು. ನಾನು ಗೇಟು ತೆಗೆದು ಬರುತ್ತಿದ್ದ ಹಾಗೇ ನನ್ನ ಹೆಸರು ಹಿಡಿದು ಕರೆದರು. ಸೀರೆ ಉಟ್ಟಿದ್ದೀಯ, ಆದರೆ ಹೆಜ್ಜೆ ಇನ್ನೂ ಘೇರಿನ ಲಂಗದ್ದೇ ಅಂದರು. ಕಾಫಿ ಆಯಿತು, ಊರಿನ ಮಾತಾಯಿತು. ನನ್ನ ಹಳೆಯ ಕುತೂಹಲ ಸುಮ್ಮನಿರಲಿಲ್ಲ. ಹೊಲಿಗೆ ಕಲಿಸುವ ನಿಮಗೆ ಮಡಿಕೆ ಹಿಡಿಯಲು ಬರುತ್ತಿರಲಿಲ್ಲವೇ, ಅಥವಾ ಬೇಕಂತಲೇ ಹಾಗೆ ಹೊಲಿದಿದ್ದಿರಾ ಅಂತ ಕೇಳಿಯೇಬಿಟ್ಟೆ.

ಅವರು ನಕ್ಕರು. "ಸಾಸಿವೆ ಕಾಳಿನ ಹಾಗೆ ಮಡಿಕೆ ಹೊಲಿಯೋಕೆ ಎಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ? ಅವರ ಕೈಯಿಂದಲೇ ಹಿಡಿಸಬೇಕಿತ್ತು. ಇಲ್ಲದಿದ್ದರೆ ಅದು ನನ್ನ ಮಾತಾಗ್ತಿತ್ತು, ಅವರದಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಆದರೆ ನಿಮ್ಮಜ್ಜೀನ ನಾನು ಏಮಾರಿಸಿದೆ ಅಂದ್ಕೋಬೇಡ. ನಾನು ಹಿಡಿದಿದ್ದು ಮೂರು ಮಡಿಕೆ, ಹೈಸ್ಕೂಲಿಗೆ ಸಾಕು ಅಂತ. ಅವರು ಬಿಚ್ಚಿ ನಾಲ್ಕು ಹಿಡಿದರು. ನಾಲ್ಕನೇದು ಹಿಡಿಯೋವಾಗ ತಲೆ ಎತ್ತಿ ನನ್ನನ್ನ ಒಂದು ಸಲ ನೋಡಿದರು."

ಇಷ್ಟು ವರ್ಷ ಎರಡು ಬೆರಳಿನ ಅದೃಷ್ಟ ಅಂದುಕೊಂಡಿದ್ದು ಅಜ್ಜಿಯ ಕೈಕೆಲಸವಾಗಿತ್ತು. ಅಜ್ಜಿ ಇದ್ದಾಗ ಅವಳಿಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲವಲ್ಲ ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲುಬಿಕೊಂಡೇ ಬಂದೆ.

ಗೆಳತಿ ಸುದ್ದಿ ಹೇಳಿಹೋದ ಮೇಲೆ, ಮಧ್ಯಾಹ್ನ ಟ್ರಂಕು ತೆಗೆದೆ. ಬದನೆಕಾಯಿ ಬಣ್ಣ ಮಾಸಿ ಬೂದಿಯಾಗಿದೆ. ಮೂರು ಕಡೆ ಬಿಚ್ಚಿದ ಪಟ್ಟಿ, ಕೆಳಗೆ ನಾಲ್ಕನೆಯ ಮಡಿಕೆ ಹಾಗೇ ಇದೆ. ಇಷ್ಟು ವರ್ಷದ ನೂಲು, ಎಲ್ಲಾದರೂ ತುಂಡಾಗುತ್ತದೆ ಅಂದುಕೊಂಡೇ ಅಜ್ಜಿಯ ಗಂಟನ್ನು ಉಗುರಿನಲ್ಲಿ ಬಿಡಿಸಿ, ಮೆಲ್ಲಗೆ ಎಳೆದೆ. ಒಂದೇ ಎಳೆ. ಲಂಗದ ಸುತ್ತ ತಿರುಗಿಕೊಂಡು ಪೂರಾ ನನ್ನ ಕೈಗೆ ಬಂತು. ಬಟ್ಟೆ ಎಲ್ಲೂ ಹರಿದಿರಲಿಲ್ಲ.